ಮಷಿನ್ ಕೊನೆಗೆ ಕೊಳ್ಳಿ: ಹುಬ್ಬಳ್ಳಿ-ಧಾರವಾಡದಲ್ಲಿ ಈಗಿನ ಹುಡುಗ ಹುಡುಗಿಯರಿಗೆ ಒಪ್ಪುವ ಜಿಮ್ ಕಟ್ಟುವುದು ಹೇಗೆ

ಜಿಮ್ ಹಾಕಬೇಕು ಅಂತ ಸಲಹೆ ಕೇಳಲು ಬರುವವರು ಮೊದಲು ಫೋನ್ ತೆಗೆದು ಮಷಿನ್‌ಗಳ ಫೋಟೋ ತೋರಿಸುತ್ತಾರೆ. ಜಾಗ ಇನ್ನೂ ಸಿಕ್ಕಿರುವುದಿಲ್ಲ, ಟ್ರೆಡ್‌ಮಿಲ್ ಮಾತ್ರ ಆಯ್ಕೆಯಾಗಿರುತ್ತದೆ. ನಾನೂ ಹಾಗೇ ಮಾಡಿದ್ದೆ. ಓದಿದ್ದು ಸಿವಿಲ್, ಆದರೂ ತಮ್ಮನ ಜೊತೆ ಧಾರವಾಡದಲ್ಲಿ ಮೊದಲ ಜಿಮ್ ಹಾಕಿದಾಗ ಬುದ್ಧಿ ಎಲ್ಲಿಟ್ಟಿದ್ದೆನೋ ಗೊತ್ತಿಲ್ಲ. ದುಡ್ಡಿನ ಮುಕ್ಕಾಲು ಪಾಲು ಮಷಿನ್‌ಗೆ ಸುರಿದೆವು. ನೆಲಕ್ಕೆ ಟೈಲ್ಸ್ ಮೇಲೆ ತೆಳ್ಳನೆ ಮ್ಯಾಟ್ ಹಾಸಿದೆವು. ಕೆಳಗಿನ ಮಹಡಿಯಲ್ಲಿ ಟ್ಯೂಷನ್ ಕ್ಲಾಸ್ ಇತ್ತು. ಮೇಲೆ ಡಂಬೆಲ್ ಬಿದ್ದಾಗಲೆಲ್ಲ ಕೆಳಗೆ ಲೆಕ್ಕ ತಪ್ಪುತ್ತಿತ್ತು. ಮೂರನೇ ತಿಂಗಳಿಗೆ ಟೈಲ್ಸ್ ಒಡೆದವು, ಹನ್ನೊಂದನೇ ತಿಂಗಳಿಗೆ ಜಾಗ ಖಾಲಿ ಮಾಡಿದೆವು.

ಆಮೇಲೆ ಕಲಿತ ಕ್ರಮ ಇದು: ಮೊದಲು ಜನ, ಆಮೇಲೆ ಕಟ್ಟಡ, ನೆಲ, ಗಾಳಿ, ನೀರು. ಮಷಿನ್ ಕಟ್ಟಕಡೆಗೆ.

ಹಂತ 1: ಒಂದು ವಾರ ಸುಮ್ನೆ ನಿಂತು ನೋಡಿ

ನೀವು ನೋಡಿಟ್ಟ ಓಣಿಯಲ್ಲಿ ಬೆಳಿಗ್ಗೆ 5:30ಕ್ಕೆ ಒಂದು ಸಲ, ಸಂಜೆ 6ರಿಂದ 9ರವರೆಗೆ ಒಂದು ಸಲ ನಿಂತುಕೊಳ್ಳಿ. ಒಂದು ನೋಟ್‌ಬುಕ್ ಇರಲಿ. ಯಾರು ಓಡಾಡುತ್ತಾರೆ, ಹೆಗಲಿಗೆ ಯಾವ ಬ್ಯಾಗ್ ಇದೆ, ಗಾಡಿ ಮೇಲೆ ಬರುತ್ತಾರೋ ನಡೆದು ಬರುತ್ತಾರೋ ಬರೆದುಕೊಳ್ಳಿ.

ಧಾರವಾಡದ ಸಪ್ತಾಪುರದಲ್ಲಿ ನಿಂತರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಕಾಣುತ್ತಾರೆ. ಅವರಲ್ಲಿ ಪೊಲೀಸ್ ಕೆಲಸಕ್ಕೆ ತಯಾರಾಗುವವರು ಜಾಸ್ತಿ. ಅವರಿಗೆ 1600 ಮೀಟರ್ ಓಟ, ಉದ್ದ ಜಿಗಿತ, ಗುಂಡು ಎಸೆತ ಬೇಕು. ಓಡಲು ಆರ್.ಎನ್. ಶೆಟ್ಟಿ ಕ್ರೀಡಾಂಗಣಕ್ಕೋ ಕರ್ನಾಟಕ ಕಾಲೇಜಿನ ಮೈದಾನಕ್ಕೋ ಹೋಗುತ್ತಾರೆ. ನಿಮ್ಮ ಟ್ರೆಡ್‌ಮಿಲ್ ಅವರಿಗೆ ಬೇಕಿಲ್ಲ. ಅವರಿಗೆ ಬೇಕಾದ್ದು ಕಾಲಿಗೆ, ಸೊಂಟಕ್ಕೆ ಶಕ್ತಿ ಬರುವ ಜಾಗ. ಕೈಯಲ್ಲಿ ದುಡ್ಡೂ ಕಡಿಮೆ. ವರ್ಷದ ಫೀ ಒಟ್ಟಿಗೆ ಕೇಳಿದರೆ ಮರುದಿನ ಬರುವುದಿಲ್ಲ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಹುಡುಗ ಹುಡುಗಿಯರು. ಇವರಿಗೆ ಗೆಳೆಯರ ಜೊತೆ ಬರಬೇಕು, ಮುಗಿದ ಮೇಲೆ ಒಂದಷ್ಟು ಹೊತ್ತು ಕೂತು ಹರಟಬೇಕು. ಗೋಕುಲ ರೋಡಿನ ಕಡೆ ಕೆಲಸ ಮಾಡುವವರು ಬರುವುದೇ ರಾತ್ರಿ 8ಕ್ಕೆ. ದಿನವಿಡೀ ಕುರ್ಚಿಯಲ್ಲಿ ಕೂತ ಬೆನ್ನು ಅವರದು. ಅವರಿಗೆ ಮೊದಲು ಮೈ ಬಿಚ್ಚಬೇಕು, ತೂಕ ಎತ್ತುವುದು ಆಮೇಲೆ.

ಗದಗ, ಹಾವೇರಿಯಲ್ಲಾದರೆ ಲೆಕ್ಕ ಬೇರೆ. ಅಲ್ಲಿ ಇನ್ನೂ ಗರಡಿ ಮನೆಯ ನೆನಪು ಇರುವ ಮನೆಗಳಿವೆ. ಮಗ ಸಾಮು ತೆಗೆಯಲು ಹೊರಟರೆ ಅಪ್ಪ ತಕರಾರು ಮಾಡುವುದಿಲ್ಲ. ಮಗಳು ಹೊರಟರೆ ನಾಲ್ಕು ಪ್ರಶ್ನೆ ಕೇಳುತ್ತಾನೆ. ಆ ನಾಲ್ಕು ಪ್ರಶ್ನೆಗೆ ನಿಮ್ಮ ಜಿಮ್‌ನ ನಕ್ಷೆಯೇ ಉತ್ತರ ಕೊಡಬೇಕು. ಅದಕ್ಕೆ ಮುಂದೆ ಬರುತ್ತೇನೆ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣದಿಂದ ನಡೆಯುವ ದೂರದಲ್ಲಿ ಜಾಗ ಸಿಕ್ಕರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ನೋಡಿ. ಪಿಜಿಯಲ್ಲಿರುವ ಮಕ್ಕಳಿಗೆಲ್ಲ ಗಾಡಿ ಇರುವುದಿಲ್ಲ. ಗಾಡಿ ಇರುವವರಿಗೆ ನಿಲ್ಲಿಸಲು ಜಾಗ ಬೇಕು. ಒಂದು ಬೈಕಿಗೆ ತಿರುಗಿಸುವ ಜಾಗ ಸೇರಿ 20 ಚದರ ಅಡಿ ಹಿಡಿಯಿರಿ. ಒಂದೇ ಹೊತ್ತಿಗೆ 20 ಬೈಕ್ ಬಂದರೆ 400 ಚದರ ಅಡಿ. ಇದನ್ನು ಲೆಕ್ಕ ಹಾಕದವರು ಮೊದಲ ವಾರವೇ ಓಣಿಯವರ ಜೊತೆ ಜಗಳ ಆಡುತ್ತಾರೆ.

ಹಂತ 2: ಕಟ್ಟಡದ ಜಾತಕ ನೋಡಿ

ನೆಲಮಹಡಿ ಸಿಕ್ಕರೆ ಬಿಡಬೇಡಿ. ಬರೀ ಸದ್ದಿನ ವಿಷಯವಲ್ಲ ಇದು. ಮನೆಗಾಗಿ ಕಟ್ಟಿದ ಸ್ಲ್ಯಾಬ್‌ ಅನ್ನು ಸಾಮಾನ್ಯವಾಗಿ ಒಂದು ಚದರ ಮೀಟರಿಗೆ 200 ಕೆಜಿ ಬಳಕೆಯ ಭಾರ ಅಂತ ಹಿಡಿದು ಲೆಕ್ಕ ಹಾಕಿರುತ್ತಾರೆ. ಅಂದರೆ ಒಂದು ಚದರ ಅಡಿಗೆ 18-19 ಕೆಜಿ. ಈಗ ಡಂಬೆಲ್ ಲೆಕ್ಕ ನೋಡಿ. 2.5 ಕೆಜಿಯಿಂದ 30 ಕೆಜಿವರೆಗೆ, 2.5 ಕೆಜಿ ಏರುತ್ತ ಹೋಗುವ 12 ಜೋಡಿ ಇಟ್ಟರೆ ಒಟ್ಟು 390 ಕೆಜಿ. ಅವೆಲ್ಲ 16 ಚದರ ಅಡಿಯ ಒಂದು ಸ್ಟ್ಯಾಂಡಿನಲ್ಲಿ ಕೂರುತ್ತವೆ. ಚದರ ಅಡಿಗೆ 24 ಕೆಜಿ ಆಯಿತು, ಸ್ಟ್ಯಾಂಡಿನ ತೂಕ ಬೇರೆ, ಮೇಲೆ ಅವನ್ನು ಎತ್ತಿ ಒಗೆಯುವ ಹುಡುಗರು ಬೇರೆ. ಮೇಲಿನ ಮಹಡಿಯೇ ಗತಿ ಅಂತಾದರೆ ಮನೆಯ ಲೆಕ್ಕದ ಎರಡೂವರೆ ಪಟ್ಟಾದರೂ ಭಾರ ತಡೆಯುತ್ತದೆಯೇ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಕೈಲಿ ಬರೆಸಿಕೊಳ್ಳಿ. ಮಾಲೀಕರು "ಏನೂ ಆಗಲ್ಲ ಬಿಡ್ರಿ" ಅನ್ನುವುದು ಲೆಕ್ಕವಲ್ಲ. ಭಾರದ ಸಾಮಾನನ್ನೆಲ್ಲ ತೊಲೆ ಮತ್ತು ಕಂಬದ ಹತ್ತಿರ ಇಡಿ, ಹಾಲ್‌ನ ನಟ್ಟ ನಡುವೆ ಬೇಡ.

ನೆಲಮಹಡಿಯಲ್ಲೂ ಒಂದು ತೊಂದರೆ ಇದೆ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು. ಹುಬ್ಬಳ್ಳಿ ದಾಟಿ ನವಲಗುಂದ, ಗದಗದ ಕಡೆ ಹೋದಂತೆ ಎರೆ ಮಣ್ಣು. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದ ನೆಲ ಎರಡು ಮಳೆಗಾಲದಲ್ಲಿ ಅಲೆ ಎದ್ದಂತೆ ಆಗುತ್ತದೆ. ಹೊಸದಾಗಿ ಶೆಡ್ ಕಟ್ಟುವುದಾದರೆ ಎರೆ ತೆಗೆಸಿ, ಗರಸು ತುಂಬಿ, ನೀರು ಹೊಡೆದು, ಗಟ್ಟಿಯಾಗಿ ಬಡಿಸಿ ಆಮೇಲೆ ಕಾಂಕ್ರೀಟ್ ಹಾಕಿಸಿ. ಹಳೆ ಕಟ್ಟಡವಾದರೆ ನೆಲದ ಮೇಲೆ ಒಂದು ಗೋಲಿ ಬಿಡಿ. ಅದು ತಾನಾಗಿ ಉರುಳಿ ಮೂಲೆ ಸೇರಿದರೆ ನಮಸ್ಕಾರ ಹೇಳಿ ಬನ್ನಿ.

ಎತ್ತರ 10 ಅಡಿಯಾದರೂ ಇರಲಿ, 12 ಇದ್ದರೆ ಒಳ್ಳೆಯದು. ಆರು ಅಡಿ ಹುಡುಗ ತೂಕದ ಪ್ಲೇಟ್ ಹಾಕಿದ ಕಬ್ಬಿಣದ ಬಾರ್ ತಲೆ ಮೇಲೆ ಎತ್ತಿದರೆ ಪ್ಲೇಟಿನ ಅಂಚು ಎಂಟೂವರೆ ಅಡಿ ಮುಟ್ಟುತ್ತದೆ. ಅಲ್ಲಿ ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ಏನಾಗುತ್ತದೆ ಯೋಚಿಸಿ. ತೂಕ ಎತ್ತುವ ಕಡೆ ಗೋಡೆ ಫ್ಯಾನ್ ಮಾತ್ರ.

ಹಂತ 3: ಸೀಮೆಸುಣ್ಣ ಹಿಡಿದು ನೆಲದ ಮೇಲೆ ಬರೆಯಿರಿ

ಕಂಪ್ಯೂಟರಿನ ಚಿತ್ರ ಚೆಂದ ಕಾಣುತ್ತದೆ. ಆದರೆ ಖಾಲಿ ಹಾಲ್‌ನಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಆ ಗೆರೆಯೊಳಗೆ ಮಲಗಿ, ಎದ್ದು, ಕೈ ಬೀಸಿ ನೋಡಿದರೆ ಮಾತ್ರ ನಿಜ ಗೊತ್ತಾಗುವುದು. ಗೆಳೆಯರನ್ನು ನಾಲ್ಕು ಮಂದಿ ಕರೆದುಕೊಳ್ಳಿ, ಚಹಾ ಕೊಡಿಸಿ.

30 ಅಡಿಗೆ 60 ಅಡಿ, ಅಂದರೆ 1800 ಚದರ ಅಡಿಯ ಹಾಲ್ ಸಿಕ್ಕಿತು ಅಂತಿಟ್ಟುಕೊಳ್ಳಿ. ನಾನು ಹೀಗೆ ಹಂಚುತ್ತೇನೆ:

- ಏನೂ ಇಡದ ಬಯಲು: 450
- ಬಾರ್, ಡಂಬೆಲ್, ಬಾರ್ ಇಡುವ ರ‍್ಯಾಕ್: 400
- ಮಷಿನ್‌ಗಳು: 300
- ಟ್ರೆಡ್‌ಮಿಲ್, ಸೈಕಲ್, ದೋಣಿಗೆ ಹುಟ್ಟು ಹಾಕಿದಂತೆ ಎಳೆಯುವ ರೋವಿಂಗ್ ಮಷಿನ್: 200
- ಬಟ್ಟೆ ಬದಲಿಸುವ ಕೋಣೆ, ಬಚ್ಚಲು, ಶೌಚಾಲಯ: 200
- ಬಾಗಿಲು, ಕಟ್ಟೆ, ಓಡಾಟ: 250

ಮೊದಲ ಸಾಲು ನೋಡಿ ಎಲ್ಲರೂ ಹುಬ್ಬೇರಿಸುತ್ತಾರೆ. ಬಾಡಿಗೆ ಕೊಟ್ಟು ಕಾಲು ಭಾಗ ಖಾಲಿ ಬಿಡೋದಾ? ಹೌದು. ಈಗಿನ ಮಕ್ಕಳು ಬರುವುದೇ ಆ ಬಯಲಿಗೆ. ಬೆಳಿಗ್ಗೆ ಯೋಗ, ಸಂಜೆ ಝುಂಬಾ, ನಡುವೆ ಹಗ್ಗ ಜಿಗಿತ, ಕೆಟಲ್‌ಬೆಲ್, ದಂಡ-ಬೈಠಕ್, ಕೊನೆಗೆ ಮೈ ಎಳೆದು ಬಿಡುವುದು, ಎಲ್ಲ ಅಲ್ಲೇ. ಒಬ್ಬರು ಕೈ ಚಾಚಿ ಮಲಗಿ ಏಳಲು 40 ಚದರ ಅಡಿ ಬೇಕು. 450 ಅಡಿಯಲ್ಲಿ 11 ಮಂದಿ ಒಟ್ಟಿಗೆ ಸಾಮು ತೆಗೆಯಬಹುದು. ಅಷ್ಟೇ ಜಾಗದಲ್ಲಿ ಆರು ಮಷಿನ್ ಇಟ್ಟರೆ ಆರೇ ಮಂದಿ.

ಬಾರ್ ಉದ್ದ 7.2 ಅಡಿ. ಎರಡೂ ಕಡೆ ಪ್ಲೇಟ್ ಹಾಕುವವರು ನಿಲ್ಲಬೇಕು. ಒಂದು ರ‍್ಯಾಕಿಗೆ 12 ಅಡಿ ಅಗಲ ಬಿಡಿ. ಟ್ರೆಡ್‌ಮಿಲ್ ಹಿಂದೆ ಆರೂವರೆ ಅಡಿ ಖಾಲಿ ಇರಲೇಬೇಕು. ಗೋಡೆಗೆ ಬೆನ್ನು ಹಚ್ಚಿ ಇಟ್ಟರೆ ಜಾರಿದವರು ಬೆಲ್ಟ್ ಮತ್ತು ಗೋಡೆಯ ನಡುವೆ ಸಿಕ್ಕಿಬೀಳುತ್ತಾರೆ. ಪಶ್ಚಿಮದ ಗಾಜಿಗೆ ಎದುರಾಗಿಯೂ ಇಡಬೇಡಿ, ಏಪ್ರಿಲ್ ತಿಂಗಳ ಸಂಜೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ.

ಹಂತ 4: ನೆಲ

ದುಡ್ಡು ಉಳಿಸುವ ಜಾಗ ಇದಲ್ಲ. ಮಷಿನ್ ಇರುವ ಕಡೆ 8ರಿಂದ 10 ಎಂಎಂ ರಬ್ಬರ್ ಸಾಕು. ಡಂಬೆಲ್ ಕಡೆ 15ರಿಂದ 20 ಎಂಎಂ. ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್‌ಗೆ ಬೇರೆಯೇ ವೇದಿಕೆ ಮಾಡಿಸಿ: 8 ಅಡಿಗೆ 8 ಅಡಿ, ಕೆಳಗೆ 18 ಎಂಎಂ ಪ್ಲೈವುಡ್ ಎರಡು ಪದರ, ನಿಲ್ಲುವ ಕಡೆ ಮರ, ಪ್ಲೇಟ್ ಬೀಳುವ ಎರಡು ಬದಿಗೆ ದಪ್ಪ ರಬ್ಬರ್. ಊರಿನ ಬಡಿಗೇರನೇ ಎರಡು ದಿನದಲ್ಲಿ ಮಾಡಿಕೊಡುತ್ತಾನೆ.

ಹಳೆ ಟೈರಿನಿಂದ ಮಾಡಿದ ರಬ್ಬರ್ ವಾಸನೆ ಹೊಡೆಯುತ್ತದೆ. ತಂದ ದಿನವೇ ಅಂಟಿಸಬೇಡಿ. ನಾಲ್ಕೈದು ದಿನ ತಾರಸಿ ಮೇಲೆ ಹರಡಿ ಒಣಗಿಸಿ. ಕೊಳ್ಳುವ ಮೊದಲು ಒಂದು ತುಂಡನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಬಿಸಿಲಿಗೆ ಇಟ್ಟು, ಸಂಜೆ ಮೂಸಿ ನೋಡಿ. ತಲೆ ತಿರುಗಿದರೆ ಬೇರೆ ಅಂಗಡಿ ನೋಡಿ.

ಬಯಲಿನ ಒಂದು ಮೂಲೆಯಲ್ಲಿ ಗರಡಿಯ ಸಾಮಾನು ಇಡಿ. ಒಂದು ಗದೆ, ಕೈಯಲ್ಲಿ ಹಿಡಿದು ತಿರುಗಿಸುವ ಒಂದು ಜೋಡಿ ಮರದ ಲೋಡು, ಸೂರಿನಿಂದ ಇಳಿಬಿಟ್ಟ ಹಗ್ಗ. ಇದು ಹಳೆ ಕಾಲದ ಮೋಹದ ಮಾತಲ್ಲ. ಗದೆ ತಿರುಗಿಸಿದರೆ ಭುಜದ ಕೀಲು ಸಡಿಲಾಗುತ್ತದೆ, ಹಿಡಿತ ಗಟ್ಟಿಯಾಗುತ್ತದೆ. ದಿನವಿಡೀ ಕೀಬೋರ್ಡ್ ಮೇಲೆ ಬಾಗಿದವರಿಗೆ ಬೇಕಾದ್ದೇ ಅದು. ನಾಲ್ಕೈದು ಕೆಜಿಯ ಗದೆಯಿಂದ ಶುರು ಮಾಡಿಸಿ, ಸುತ್ತ 8 ಅಡಿ ಯಾರೂ ನಿಲ್ಲದಂತೆ ಗೆರೆ ಹಾಕಿ. ಪೈಲ್ವಾನಕಿ ಮಾಡಿದ ಹಿರಿಯರು ಓಣಿಯಲ್ಲಿದ್ದರೆ ವಾರಕ್ಕೊಂದು ದಿನ ಕರೆಸಿ. ಅವರು ಸಪಾಟಿ (ಕೂತು ಏಳುವ ಗರಡಿಯ ಸಾಮು) ಹೊಡೆಯುವುದನ್ನು ನೋಡಿದ ಮೇಲೆ ನಮ್ಮ ಹುಡುಗರು ಸ್ಕ್ವಾಟ್ ಬಗ್ಗೆ ಜಂಬ ಕೊಚ್ಚುವುದು ಕಡಿಮೆ ಮಾಡಿದರು.

ಹಂತ 5: ಗಾಳಿ, ಕರೆಂಟು, ನೀರು

ಎಸಿ ಹಾಕಿ ಕಿಟಕಿ ಮುಚ್ಚಿದ ಜಿಮ್‌ಗೆ ಕಾಲಿಟ್ಟ ತಕ್ಷಣ ಹಳೆ ಸಾಕ್ಸಿನ ವಾಸನೆ ಬರುತ್ತದೆ, ಅಲ್ವಾ? ಎಸಿ ಗಾಳಿಯನ್ನು ತಂಪು ಮಾಡುತ್ತದೆಯೇ ಹೊರತು ಬದಲಿಸುವುದಿಲ್ಲ. ನಮ್ಮೂರಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಪುಕ್ಕಟೆ ಸಿಗುತ್ತದೆ. ಪಶ್ಚಿಮದ ಕಡೆ ಕೆಳಗೆ ಕಿಟಕಿ, ಎದುರು ಗೋಡೆಯ ಮೇಲ್ಭಾಗದಲ್ಲಿ ದೊಡ್ಡ ಎಕ್ಸಾಸ್ಟ್ ಫ್ಯಾನ್ ಕೊಡಿ. ಬಿಸಿಗಾಳಿ ಮೇಲೇರಿ ಹೊರಗೆ ಹೋಗುತ್ತದೆ. ಕಿಟಕಿಗೆ ಹೊರಗಿನಿಂದ ಛಾವಣಿ ಚಾಚಿಸಿ, ಇಲ್ಲದಿದ್ದರೆ ಜುಲೈ ತಿಂಗಳ ಜಡಿಮಳೆ ಒಳಗೇ ಬರುತ್ತದೆ. ಕಾರ್ಬನ್ ಡೈಆಕ್ಸೈಡ್ ಅಳೆಯುವ ಸಣ್ಣ ಮೀಟರ್ ಒಂದನ್ನು ಗೋಡೆಗೆ ಹಾಕಿ. ಸಂಜೆ ಗದ್ದಲದಲ್ಲೂ 1000 ಪಿಪಿಎಂ ಒಳಗೆ ಇದ್ದರೆ ಒಳ್ಳೆಯ ಗಾಳಿ. ಏರುತ್ತ ಹೋದರೆ ಫ್ಯಾನ್ ಸಾಲದು ಅಂತ ಅರ್ಥ. ಮೊದಲ ವರ್ಷ ಎಸಿ ಬೇಡ. ಒಂದು ಬೇಸಿಗೆ ಕಳೆದ ಮೇಲೆ ಬೇಕೋ ಬೇಡವೋ ನೀವೇ ಹೇಳುತ್ತೀರಿ.

ಪ್ರತಿ ಟ್ರೆಡ್‌ಮಿಲ್‌ಗೂ ಪ್ರತ್ಯೇಕ 16 ಆಂಪಿಯರ್ ಲೈನ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬೇಕು. ಬೆವರಿದ ಕೈ, ಲೋಹದ ಹಿಡಿ, ಕೆಟ್ಟ ವೈರಿಂಗ್ ಒಟ್ಟಿಗೆ ಸೇರಬಾರದು. ಕರೆಂಟು ಹೋದರೆ ಓಡುತ್ತಿರುವ ಬೆಲ್ಟ್ ಒಮ್ಮೆಲೆ ನಿಲ್ಲುತ್ತದೆ. ಅದಕ್ಕೇ ಹಿಡಿ ಗಟ್ಟಿ ಇರಬೇಕು, ಪಕ್ಕದಲ್ಲಿ ಯುಪಿಎಸ್ ಮೇಲೆ ನಡೆಯುವ ಒಂದು ದೀಪ ಇರಬೇಕು. ಕರೆಂಟೇ ಬೇಡದ ಏರ್ ಬೈಕ್ (ತುಳಿದಂತೆ ಫ್ಯಾನ್ ತಿರುಗುವ ಸೈಕಲ್), ರೋವಿಂಗ್ ಮಷಿನ್ ಹಾವೇರಿ, ಗದಗದ ಕಡೆಗೆ ಹೆಚ್ಚು ಹೊಂದುತ್ತವೆ.

ನೀರಿನ ಮಾತು ಹೊರಗಿನ ವಿನ್ಯಾಸಕಾರರಿಗೆ ತಿಳಿಯುವುದೇ ಇಲ್ಲ. ಅವರ ಚಿತ್ರದಲ್ಲಿ ನಾಲ್ಕು ಶವರ್ ಇರುತ್ತವೆ, ಟ್ಯಾಂಕ್ ಇರುವುದಿಲ್ಲ. ನಮಗೆ ನೀರು ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ ಬರಬೇಕು. ನಿಮ್ಮ ಓಣಿಗೆ ಎಷ್ಟು ದಿನಕ್ಕೊಮ್ಮೆ ನಲ್ಲಿ ಬರುತ್ತದೆ ಅಂತ ಪಕ್ಕದ ಮನೆಯ ಅಕ್ಕೋರನ್ನು ಕೇಳಿ. ದಿನಕ್ಕೆ 100 ಮಂದಿ, ತಲೆಗೆ 10 ಲೀಟರ್. ಅದರಲ್ಲಿ 30 ಮಂದಿ ಸ್ನಾನ ಮಾಡಿದರೆ ತಲೆಗೆ ಇನ್ನೂ 35. ಹತ್ತಿರ ಹತ್ತಿರ 2000 ಲೀಟರ್ ಆಯಿತು. ಐದು ದಿನಕ್ಕೊಮ್ಮೆ ನೀರು ಬರುವ ಓಣಿಯಾದರೆ 10,000 ಲೀಟರ್ ಹಿಡಿಯುವ ತೊಟ್ಟಿ ಬೇಕು. ಅಷ್ಟು ಜಾಗ ಇಲ್ಲದಿದ್ದರೆ ಶವರ್ ಎರಡೇ ಸಾಕು, ಜೊತೆಗೆ ಬಕೆಟ್ಟು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಮಾತ್ರ ಒಂದೇ ದಿನದಲ್ಲಿ ಹೆಸರು ಕೆಡುತ್ತದೆ.

ಹಂತ 6: ಹುಡುಗಿಯರು ಹಿಂಜರಿಯದೆ ಒಳಗೆ ಬರುವ ಹಾಗೆ

"ಲೇಡೀಸ್ ಟೈಮಿಂಗ್ ಬೇರೆ ಇದೆ" ಅಂತ ಬೋರ್ಡ್ ಹಾಕಿ ಕೈ ತೊಳೆದುಕೊಳ್ಳುವುದು ಸುಲಭ. ಮಧ್ಯಾಹ್ನ 11ರಿಂದ 3 ಕೊಟ್ಟಿರುತ್ತಾರೆ. ಆ ಹೊತ್ತಿಗೆ ಆ ಹುಡುಗಿ ಕ್ಲಾಸಿನಲ್ಲೋ ಆಫೀಸಿನಲ್ಲೋ ಇರುತ್ತಾಳೆ! ಕೆಲವರಿಗೆ ಬೇರೆ ಸಮಯವೇ ಬೇಕು, ಕೊಡಿ. ಆದರೆ ಮುಖ್ಯ ಸಮಯದಲ್ಲೂ ಅವರು ಬರುವಂತೆ ನಕ್ಷೆ ಮಾಡಿ.

ಹೆಣ್ಣುಮಕ್ಕಳ ಬಟ್ಟೆ ಬದಲಿಸುವ ಕೋಣೆ ಬಾಗಿಲ ಹತ್ತಿರ ಇರಲಿ. ತುಂಬ ಕಡೆ ಅದು ಹಾಲ್‌ನ ಕಟ್ಟಕಡೆಗೆ ಇರುತ್ತದೆ. ಅಲ್ಲಿಗೆ ಹೋಗಲು ಡಂಬೆಲ್ ಎತ್ತುತ್ತಿರುವ 15 ಹುಡುಗರ ನಡುವೆ ಹಾಯಬೇಕು. ಆ 40 ಅಡಿ ನಡಿಗೆಗೇ ಅರ್ಧ ಮಂದಿ ಬಿಟ್ಟುಬಿಡುತ್ತಾರೆ. ಬೀದಿಗೆ ಕಾಣುವ ಗಾಜಿಗೆ ಎದೆಯೆತ್ತರದವರೆಗೆ ಮಸುಕು ಫಿಲ್ಮ್ ಹಚ್ಚಿ. ಮೆಟ್ಟಿಲು ಮತ್ತು ಗಾಡಿ ನಿಲ್ಲಿಸುವ ಜಾಗದಲ್ಲಿ ಒಳ್ಳೆ ಬೆಳಕು ಇರಲಿ, ಸಿಸಿಟಿವಿ ಅಲ್ಲಿಗೆ ಮತ್ತು ಹಾಲ್‌ಗೆ ಮಾತ್ರ. ಬಟ್ಟೆ ಬದಲಿಸುವ ಕೋಣೆಯ ಬಾಗಿಲಿನತ್ತಲೂ ಕ್ಯಾಮೆರಾ ಮುಖ ಮಾಡಬಾರದು.

20 ಕೆಜಿ ಬಾರ್ ಜೊತೆಗೆ 15 ಕೆಜಿಯ ತೆಳು ಬಾರ್ ಒಂದು, 1.25 ಕೆಜಿ ಪ್ಲೇಟುಗಳು, 1 ಕೆಜಿಯಿಂದ ಶುರುವಾಗುವ ಡಂಬೆಲ್ ಇರಲಿ. ಇವು ಹೊಸದಾಗಿ ಬರುವ ಹುಡುಗರಿಗೂ ಬೇಕು, ಅವರು ಬಾಯಿಬಿಟ್ಟು ಕೇಳುವುದಿಲ್ಲ ಅಷ್ಟೇ. ಪಿಜಿಯ ಗೇಟು ಎಷ್ಟಕ್ಕೆ ಮುಚ್ಚುತ್ತದೆ ಅಂತ ತಿಳಿದುಕೊಂಡು ಸಂಜೆಯ ಕ್ಲಾಸ್ ಇಡಿ. ಮಹಿಳಾ ಟ್ರೇನರ್ ಒಬ್ಬರು ಇರಲೇಬೇಕು.

ಗಾಲಿಕುರ್ಚಿಯಲ್ಲಿ ಬರುವವರನ್ನೂ ನೆನಪಿಡಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು, 3 ಅಡಿ ಅಗಲದ ಬಾಗಿಲು. ಕಟ್ಟುವಾಗಲೇ ಮಾಡಿದರೆ ಖರ್ಚು ಅಷ್ಟಾಗಿ ಬರುವುದಿಲ್ಲ.

ಹಂತ 7: ಕನ್ನಡಿ, ಬೆಳಕು, ಹಾಡು, ಮೊಬೈಲು

ಕನ್ನಡಿ ಒಂದೇ ಗೋಡೆಗೆ ಸಾಕು. ನೆಲದಿಂದ 50 ಸೆಂಟಿಮೀಟರ್ ಮೇಲಿನಿಂದ ಶುರುವಾಗಲಿ. ದೊಡ್ಡ ಪ್ಲೇಟಿನ ಅಡ್ಡಳತೆ 45, ಉರುಳಿ ಬಂದರೆ ಗೋಡೆಗೆ ಬಡಿಯುತ್ತದೆ, ಕನ್ನಡಿಗಲ್ಲ. ಬಯಲಿನ ಎದುರು ಕನ್ನಡಿ ಬೇಡ. ತಮ್ಮನ್ನು ತಾವು ನೋಡಿಕೊಳ್ಳಲು ನಾಚುವವರು ಅಲ್ಲೇ ಇರುತ್ತಾರೆ.

ಬೆಳಕು 4000 ಕೆಲ್ವಿನ್‌ನದು ಒಪ್ಪುತ್ತದೆ. ಯೋಗದ ಹೊತ್ತಿಗೆ ತಗ್ಗಿಸಲು ಬರುವಂತಿರಲಿ. ನೀಲಿ, ನೇರಳೆ ಪಟ್ಟಿ ದೀಪಗಳ ಹುಚ್ಚು ಈಗ ಜೋರಾಗಿದೆ. ಒಂದು ಗೋಡೆಗೆ ಹಾಕಿ ಆಸೆ ತೀರಿಸಿಕೊಳ್ಳಿ.

ಹಾಡಿನ ಸದ್ದು 85 ಡೆಸಿಬಲ್ ದಾಟದಿರಲಿ. ಪಕ್ಕದವರ ಜೊತೆ ಕೂಗದೆ ಮಾತಾಡಲು ಬಂದರೆ ಸರಿಯಾಗಿದೆ. ಬೆಳಿಗ್ಗೆ 7ರವರೆಗೆ ಹಾಡೇ ಬೇಡ. ಸುತ್ತ ಮನೆಗಳಿವೆ, ಮೇಲಾಗಿ ಪರೀಕ್ಷೆಯ ಹುಡುಗರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸಾಮಾನ್ಯ ಜ್ಞಾನ ಕೇಳುತ್ತಿರುತ್ತಾರೆ. ಬೈಠಕ್ ಹೊಡೆಯುತ್ತ ಸಂವಿಧಾನದ ವಿಧಿ ಬಾಯಿಪಾಠ ಮಾಡುವುದನ್ನು ಧಾರವಾಡದಲ್ಲೇ ನೋಡಬೇಕು.

ರೀಲ್ಸ್ ಮಾಡಬೇಡಿ ಅಂತ ಬೋರ್ಡ್ ಹಾಕಿ ಪ್ರಯೋಜನವಿಲ್ಲ. ಒಂದು ಮೂಲೆಯಲ್ಲಿ ಖಾಲಿ ಗೋಡೆ, ಒಳ್ಳೆ ದೀಪ, ಮೊಬೈಲ್ ಇಡುವ ಸ್ಟ್ಯಾಂಡ್ ಕೊಡಿ. ವಿಡಿಯೋ ಅಲ್ಲಿ ಮಾತ್ರ, ಬೇರೆಯವರು ಬೀಳಬಾರದು ಅಂತ ನಿಯಮ ಮಾಡಿ.

ಹಂತ 8: ಕಟ್ಟೆ

ಬಾಗಿಲ ಹತ್ತಿರ ಕೂರಲು ಒಂದು ಉದ್ದನೆ ಕಟ್ಟೆ ಕಟ್ಟಿಸಿ. ಸೋಫಾ ಬೇಡ, ಬೆವರಿಗೆ ಹಾಳಾಗುತ್ತದೆ. ಕಟ್ಟೆಯ ಕೆಳಗೆ ಬೂಟು, ಮೇಲೆ ಗೋಡೆಗೆ ಬ್ಯಾಗ್ ಇಡುವ ಗೂಡುಗಳು, ಪಕ್ಕದಲ್ಲಿ ಚಾರ್ಜಿಂಗ್ ಪಾಯಿಂಟ್, ಕುಡಿಯುವ ನೀರು. ಇಷ್ಟೇ. ಪಿಜಿಯಲ್ಲಿ ಒಬ್ಬನೇ ಇರುವ ಹುಡುಗನಿಗೆ ದಿನಕ್ಕೆ ಅರ್ಧ ಗಂಟೆ ಮಾತಾಡಲು ಜನ ಸಿಗುವುದೂ ಆರೋಗ್ಯವೇ. ಫೀ ಮತ್ತೆ ಕಟ್ಟುವವರಲ್ಲಿ ಹೆಚ್ಚಿನವರು ಕಟ್ಟೆಯ ಮೇಲೆ ಕೂತವರು, ಇದು ನಾವು ನಮ್ಮಲ್ಲಿ ಕಂಡದ್ದು.

ಪೌಡರ್ ಡಬ್ಬಿ ಮಾರುವ ಕೌಂಟರ್ ಬಗ್ಗೆ ನನಗೆ ಒಲವಿಲ್ಲ. ನೆನೆಸಿದ ಶೇಂಗಾ, ಮೊಳಕೆ ಬಂದ ಮಡಕಿ ಕಾಳು, ಬೇಯಿಸಿದ ಮೊಟ್ಟೆ, ಮಜ್ಜಿಗೆ ಇಟ್ಟು ನೋಡಿ. 100 ಗ್ರಾಂ ಶೇಂಗಾದಲ್ಲಿ ಹೆಚ್ಚು ಕಡಿಮೆ 25 ಗ್ರಾಂ ಪ್ರೋಟೀನ್ ಇದೆ. ತಿನ್ನುವುದನ್ನು ಮಾರಿದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು.

ಹಂತ 9: ಈಗ ಮಷಿನ್, ಜೊತೆಗೆ ಕಾಗದ ಪತ್ರ

ತೂಕವನ್ನು ಮೇಲಿನಿಂದ ಕೆಳಕ್ಕೆ ಎಳೆಯುವ ಒಂದು ಲ್ಯಾಟ್ ಪುಲ್‌ಡೌನ್, ಒಂದು ಕೇಬಲ್ ಮಷಿನ್, ಕಾಲಿನಿಂದ ತೂಕ ನೂಕುವ ಒಂದು ಲೆಗ್ ಪ್ರೆಸ್, ಎರಡು ರ‍್ಯಾಕ್, ಮೂರು ಬೆಂಚ್, ಎರಡು ಟ್ರೆಡ್‌ಮಿಲ್, ಒಂದು ಏರ್ ಬೈಕ್, ಒಂದು ರೋವಿಂಗ್. 1800 ಅಡಿಗೆ ಮೊದಲ ವರ್ಷ ಇಷ್ಟು ಸಾಕು. ಹಳೆಯ ಬಾರ್, ಪ್ಲೇಟ್ ಕೊಂಡರೆ ನಷ್ಟವಿಲ್ಲ, ಕಬ್ಬಿಣಕ್ಕೆ ವಯಸ್ಸಾಗುವುದಿಲ್ಲ. ಹಳೆಯ ಟ್ರೆಡ್‌ಮಿಲ್ ಮಾತ್ರ ಬೇಡ. ಬಿಡಿಭಾಗ ಹುಬ್ಬಳ್ಳಿಯಲ್ಲೇ ಸಿಗುತ್ತದೆಯೇ, ರಿಪೇರಿಗೆ ಎಷ್ಟು ದಿನಕ್ಕೆ ಬರುತ್ತಾರೆ ಅಂತ ಕೊಳ್ಳುವ ಮೊದಲೇ ಕೇಳಿ.

ಜಿಮ್ ಸೇವೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇಕಡಾ 18ರಿಂದ ಶೇಕಡಾ 5ಕ್ಕೆ ಇಳಿದಿದೆ. ಸದಸ್ಯರಿಗೆ ಖುಷಿಯ ಸುದ್ದಿ. ಆದರೆ ಸಾಮಾನು ಕೊಳ್ಳುವಾಗ ನೀವು ಕೊಟ್ಟ ತೆರಿಗೆಯನ್ನು ಇದರಲ್ಲಿ ಹೊಂದಿಸಿಕೊಳ್ಳಲು ಬರುವುದಿಲ್ಲ. ಮಷಿನ್ ಕಡಿಮೆ ಕೊಳ್ಳಿ ಅನ್ನಲು ಇದೂ ಒಂದು ಕಾರಣ. ಪಾಲಿಕೆಯ ಟ್ರೇಡ್ ಲೈಸೆನ್ಸ್, ಬೆಂಕಿ ಆರಿಸುವ ಸಿಲಿಂಡರ್, ಹಾಡು ಹಾಕಲು ಅನುಮತಿ, ಎರಡನೇ ಬಾಗಿಲು ಇವನ್ನೂ ಮರೆಯಬೇಡಿ.

ಹಂತ 10: ಬಾಗಿಲು ತೆಗೆಯುವ ಮೊದಲು

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡರು. ಆಮೇಲೆ ಎಷ್ಟೋ ದಿನ ನಮ್ಮ ಹುಡುಗರ ಅಮ್ಮಂದಿರು ಫೋನ್ ಮಾಡಿ "ಕಳಿಸಲೋ ಬ್ಯಾಡೋ" ಅಂತ ಕೇಳುತ್ತಿದ್ದರು. ಅವರಿಗೆ ಬಾಯಿಮಾತಿನ ಧೈರ್ಯ ಸಾಲದು. ಸೇರುವಾಗಲೇ ಎದೆನೋವು, ತಲೆಸುತ್ತು, ಮನೆಯಲ್ಲಿ ಹೃದಯದ ಕಾಯಿಲೆ ಇದೆಯೇ ಅಂತ ಕೇಳುವ ಒಂದು ಪುಟದ ಫಾರಂ ಇಡಿ. ಹೌದು ಅಂದವರನ್ನು ಡಾಕ್ಟರ್ ಹತ್ತಿರ ಕಳಿಸಿ ಆಮೇಲೆ ಸೇರಿಸಿಕೊಳ್ಳಿ. ಎಲ್ಲ ಟ್ರೇನರ್‌ಗಳೂ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಕೊಡುವ ತುರ್ತು ಚಿಕಿತ್ಸೆ) ಕಲಿತಿರಬೇಕು: ಒತ್ತುವುದು ಎದೆಯ ನಡುವೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. 108 ನಂಬರ್ ದೊಡ್ಡದಾಗಿ ಗೋಡೆ ಮೇಲೆ ಬರೆಸಿ. ಸ್ಟ್ರೆಚರ್ ತಿರುಗುವಷ್ಟು ದಾರಿ ಇದೆಯೇ ಅಂತ ಒಂದು ಸಲ ಒಬ್ಬನನ್ನು ಹೊತ್ತುಕೊಂಡು ನೋಡಿ.

ಮೊದಲ ಎರಡು ವಾರ ಓಣಿಯವರಿಗೆ ಪುಕ್ಕಟೆ ಬಿಡಿ. ಈ ಹೊತ್ತಿಗೆ ಏನನ್ನೂ ನೆಲಕ್ಕೆ ಬೋಲ್ಟ್ ಹಾಕಬೇಡಿ. ಜನ ನೀರಿನ ಬಾಟಲಿ ಎಲ್ಲಿ ಇಡುತ್ತಾರೆ, ಟವೆಲ್ ಎಲ್ಲಿ ಹಾಕುತ್ತಾರೆ, ಯಾವ ಸಂದಿಯಲ್ಲಿ ಡಿಕ್ಕಿ ಹೊಡೆಯುತ್ತಾರೆ ನೋಡುತ್ತ ಕೂತುಕೊಳ್ಳಿ. ನಮ್ಮ ಎರಡನೇ ಜಿಮ್‌ನಲ್ಲಿ ಲೆಗ್ ಪ್ರೆಸ್ ಮೂರು ಸಲ ಜಾಗ ಬದಲಿಸಿತು. ಕೊನೆಗೆ ಅದನ್ನು ಎಲ್ಲಿಡಬೇಕು ಅಂತ ಹೇಳಿದ್ದು ದಿನಾ ಕಸ ಗುಡಿಸುವ ಅಕ್ಕ. "ಅಲ್ಲಿ ಕಂಬದ ಹತ್ರ ಇಡ್ರಿ, ಅಲ್ಯಾರೂ ನಿಂದ್ರಂಗಿಲ್ಲ" ಅಂದಳು. ಇವತ್ತಿಗೂ ಅದು ಅಲ್ಲೇ ಇದೆ.